ಎಪ್ರಿಲಿನ ಟಿಕೆಟ್

ಪಾಣೆಮಂಗಳೂರು
೧೧ ಮಾರ್ಚ್ ೨೦೦೧, ಭಾನುವಾರ

ಪ್ರೀತಿಯ ಫಿದಾಳ ಉಪ್ಪಾ,

ಅಸ್ಸಲಾಮು ಅಲೈಕುಂ. ನಿಮ್ಮ ಬೆನ್ನುನೋವು ಈಗ ಹೇಗಿದೆ? ಗೋದಾಮಿನಲ್ಲಿ ಭಾರ ಎತ್ತುವುದು ನಿಮ್ಮ ಕೆಲಸವಲ್ಲ ಎಂದು ನೀವೇ ಬರೆದಿದ್ದಿರಿ. ಆದರೂ ಕಳೆದ ಪತ್ರದ ಅಕ್ಷರಗಳು ಮಲಗಿಕೊಂಡು ಬರೆದ ಹಾಗೆ ವಾಲಿದ್ದವು. ಜುಬೈಲಿನಲ್ಲಿ ಚಳಿ ಇಳಿಯಿತೇ? ಇಲ್ಲಿ ನೇತ್ರಾವತಿಯಲ್ಲಿ ಬಂಡೆಗಳು ಕಾಣತೊಡಗಿವೆ. ನಿಮ್ಮ ಉಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ನಾಲಗೆಯ ಬಗ್ಗೆ ಹಾಗೆ ಹೇಳಲಾರೆ. ಫಿದಾ ಈ ವರ್ಷ ನನ್ನದೇ ತರಗತಿಯಲ್ಲಿ ಕೂರುವುದರಿಂದ ಮನೆಯಲ್ಲೂ ಬಾಯಿತಪ್ಪಿ ಟೀಚರ್ ಎನ್ನುತ್ತಾಳೆ. ನಾನೂ ಬಾಯಿತಪ್ಪಿ, ಎದ್ದು ನಿಂತು ಮಾತಾಡು ಎನ್ನುತ್ತೇನೆ.

ಕಳೆದ ತಿಂಗಳು ಜನಗಣತಿಯ ಕೆಲಸವಿತ್ತು. ನಮ್ಮ ಬೀದಿಯೇ ನನ್ನ ಪಾಲಿಗೆ ಬಂದಿತ್ತು. ಶಾಲೆ ಬಿಟ್ಟು ಮನೆಮನೆ ಹತ್ತಿ ಇಳಿದೆ. ಎಣಿಕೆಯ ದಿನಗಳಲ್ಲಿ ಊರಲ್ಲಿಲ್ಲದವರು ಲೆಕ್ಕಕ್ಕಿಲ್ಲ ಎಂಬುದು ನಿಯಮ. ಗಲ್ಫಿನಲ್ಲಿರುವ ಅರ್ಧ ಬೀದಿಯ ಗಂಡಸರು ಹಾಗೆ ಲೆಕ್ಕದಿಂದ ಬಿಟ್ಟುಹೋದರು. ಕೊನೆಗೆ ನಮ್ಮ ಮನೆಯ ಸರದಿ ಬಂತು. ಅಂಗಳದಲ್ಲಿ ಹೊರಗಿನವಳಂತೆ ಸ್ವಲ್ಪ ಹೊತ್ತು ನಿಂತೆ. ಬೇಸರವಾಯಿತು ಎಂದು ಬರೆಯುತ್ತಿಲ್ಲ. ನಿಂತೆ, ಅಷ್ಟೆ.

ಮೊನ್ನೆ ಶುಕ್ರವಾರ ಫೋನಿನಲ್ಲಿ ನೀವು, ಎಪ್ರಿಲಿನಲ್ಲಿ ಬರುತ್ತೇನೆ, ಆಗ ನಿನಗೂ ರಜೆಯಲ್ಲವೇ ಎಂದಿರಿ. ಉಮ್ಮ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಫಿದಾ ರಿಸೀವರಿಗೆ ಕಿವಿ ಒತ್ತಿದ್ದಳು. ನಾನು ಹೂಂ ಎಂದೆ. ನಿಮಗೂ ಅದು ಸಂತೋಷದ ಹೂಂ ಎಂದೇ ಕೇಳಿಸಿರಬೇಕು. ಆ ಸಂಜೆಯೇ ಸುದ್ದಿ ಮೂಸಬ್ಬನ ಅಂಗಡಿಯವರೆಗೆ ಹೋಗಿತ್ತು. ಸಕ್ಕರೆ ಕಟ್ಟುತ್ತಾ ಅವನು, "ನಿಮ್ಮದು ಭಾಗ್ಯ ಟೀಚರೇ. ಎರಡು ತಿಂಗಳು ಸಂಬಳ ಕೊಟ್ಟು ಮನೆಯಲ್ಲಿ ಕೂರಿಸ್ತಾರೆ. ಈಗ ಗಂಡ ಬರುವುದೂ ಟೈಮ್‌ಟೇಬಲ್ ನೋಡಿಯೇ" ಎಂದ. ಅವನಲ್ಲಿ ಕೆಟ್ಟ ಮನಸ್ಸಿಲ್ಲ. ಬೆಳಗ್ಗೆ ಹೋಗಿ ಸಂಜೆ ಬರುವ ನನ್ನನ್ನು ಅವನು ಕಂಡಿದ್ದಾನೆ. ಉಳಿದ ನಾನು ಅವನ ಅಂಗಡಿಯ ಮುಂದೆ ಹಾದುಹೋಗುವುದಿಲ್ಲ.

ನಿನ್ನೆ ಹೆಡ್ಮಾಸ್ಟರ್ ಸುಧಾಕರ ಅವರು ಕರೆದು, ಹತ್ತನೆಯ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಮಂಗಳೂರಿಗೆ ನನ್ನ ಹೆಸರು ಹೋಗಿದೆ, ಅದು ಮುಗಿದೊಡನೆ ಬೆಳ್ತಂಗಡಿಯಲ್ಲಿ ಹೊಸ ಪಾಠಗಳ ತರಬೇತಿ ಎಂದರು. ಈ ಸಲ ಬಿಡಿಸಬಹುದೇ ಎಂದು ಕೇಳಿದೆ. "ಹೇಗೂ ರಜೆ ಉಂಟಲ್ಲ ಟೀಚರ್, ಮನೆಯಲ್ಲಿ ಕೂತು ಏನು ಮಾಡ್ತೀರಿ?" ಎಂದರು. ಅವರೂ ಇಪ್ಪತ್ತು ವರ್ಷ ಪಾಠ ಹೇಳಿದವರು. ಕಾಯಿಲೆ, ಹೆರಿಗೆ, ಮಕ್ಕಳ ಮದುವೆ ಇದ್ದರೆ ಬಿಡುತ್ತಾರಂತೆ. ಗಂಡ ಬರುತ್ತಾರೆ ಎಂಬುದು ಆ ಕಾರಣಗಳಲ್ಲಿ ಇಲ್ಲ. ನಾನು ಹೇಳಲೂ ಇಲ್ಲ. ನನ್ನ ವಯಸ್ಸಿನಲ್ಲಿ ಅದನ್ನು ಹೇಳುವಾಗ ಮುಖ ಎಲ್ಲಿಡಬೇಕು ಎಂದು ತಿಳಿಯಲಿಲ್ಲ.

ಎರಡು ವರ್ಷದ ಹಿಂದೆಯೂ ನೀವು ಬಂದದ್ದು ಎಪ್ರಿಲಿನಲ್ಲೇ. ಬೆಳಗ್ಗೆ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗಿ ಸಂಜೆ ಮಗ್ರಿಬಿನ ಬಾಂಗ್ ಆದ ಮೇಲೆ ಮರಳುತ್ತಿದ್ದೆ. ಕಾಣದ ಮಕ್ಕಳ ಉತ್ತರಗಳನ್ನು ದಿನವಿಡೀ ತಿದ್ದಿದ ಕಣ್ಣು ಮನೆಗೆ ಬಂದರೂ ತಪ್ಪನ್ನೇ ಹುಡುಕುತ್ತಿತ್ತು. ನೀವು ಚಾ ಮಾಡಿ ಇಟ್ಟರೆ ಚೆಲ್ಲಿದ ಸಕ್ಕರೆ ಮೊದಲು ಕಾಣುತ್ತಿತ್ತು. ಉಳಿದ ದಿನಗಳನ್ನು ನಿಮ್ಮ ಅಕ್ಕಂದಿರು ಊಟಕ್ಕೆ ಕರೆದು ಹಂಚಿಕೊಂಡರು. ಒಂದು ಸಂಜೆ ನಾನು ಕಾಲು ತೊಳೆಯುತ್ತಿದ್ದಾಗ ಬಾಗಿಲಲ್ಲಿ ನಿಂತು, "ಟೀಚರೇ, ನಮಗೂ ಒಂದು ಪೀರಿಯಡ್ ಇಡ್ತೀರಾ?" ಎಂದಿರಿ. ಉಮ್ಮ ನಕ್ಕರು, ಫಿದಾ ನಕ್ಕಳು, ನಾನೂ ನಕ್ಕೆ. ನೀವು ನಗಲಿಲ್ಲ. ಮರುವಾರ ನಿಮ್ಮ ವಿಮಾನವಿತ್ತು. ಒಂದೇ ಮನೆಯಲ್ಲಿದ್ದೂ ಒಬ್ಬರಿಗೊಬ್ಬರು ಸಿಗದೆ ಹೋದೆವು. ಅದಕ್ಕಿಂತ ನೀವು ಅಲ್ಲೇ ಇದ್ದು, ನಾನು ಇಲ್ಲಿ ದಿನ ಎಣಿಸುತ್ತಿರುವುದೇ ಹಗುರವೆಂದು ಆಮೇಲೆ ಅನಿಸಿತು. ಇದನ್ನು ಓದಿ ತಪ್ಪು ತಿಳಿಯಬೇಡಿ.

ಹೊತ್ತಾಯಿತು. ಉಮ್ಮ ನಿಮಗೆ ದುಆ ತಿಳಿಸಿದ್ದಾರೆ. ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಳ್ಳಿ. ರೂಮಿನವರಿಗೆಲ್ಲ ನನ್ನ ಸಲಾಂ. ಅಲ್ಲಾಹನು ನಿಮ್ಮನ್ನು ಸುಖವಾಗಿಟ್ಟಿರಲಿ.

ನಿಮ್ಮ
ಜುಲೈಕಾ

ತಾ.ಕ.: ಎಪ್ರಿಲಿಗೆ ಟಿಕೆಟ್ ಮಾಡಬೇಡಿ. ಜೂನಿಗೆ ಮಾಡಿ, ಶಾಲೆ ಶುರುವಾದ ಮೇಲೆ. ಕಂಪೆನಿ ರಜೆ ಕೊಡಲಿಲ್ಲವೆಂದು ಉಮ್ಮನಿಗೆ ನೀವೇ ಹೇಳಬೇಕು. ನಾನು ಹೇಳಿದರೆ ಗಂಡನನ್ನು ಬರಬೇಡವೆಂದವಳು ಎಂದು ಊರೆಲ್ಲ ಆಗುತ್ತದೆ. ಜೂನಿನಲ್ಲಿ ಮಾವಿನಹಣ್ಣು ಇರುವುದಿಲ್ಲ, ಮದುವೆ ಇರುವುದಿಲ್ಲ, ಆ ಮಳೆಗೆ ಯಾರೂ ಊಟಕ್ಕೆ ಕರೆಯುವುದಿಲ್ಲ. ಹಗಲು ನಿಮಗೆ ಬೇಸರವಾದೀತು. ನನ್ನ ಬಸ್ಸು ನಾಲ್ಕೂಮುಕ್ಕಾಲಿಗೆ ಸೇತುವೆಯ ಹತ್ತಿರ ನಿಲ್ಲುತ್ತದೆ. ಅಲ್ಲಿಗೆ ಬರುವಾಗ ಕೊಡೆ ಒಂದೇ ಸಾಕು.