ಸುಡುನೀರು ಚೆಲ್ಲುವ ಮುನ್ನ

ಹೆಡಿಂಗ್ಲಿ, ಲೀಡ್ಸ್

ಪ್ರೀತಿಯ ಅಪ್ಪಾಜಿಗೆ ಕೃಪಾಳ ನಮಸ್ಕಾರ.

ನನ್ನ ಕಾದಂಬರಿಯ ಕೊನೆಯ ಬಗ್ಗೆ ಜಗಳವಾದ ಮೇಲೆ ನೀವು ಫೋನಿಗೆ ಬರುತ್ತಿಲ್ಲ. ಅದಕ್ಕೇ ಈ ಕಾಗದ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವುದನ್ನು ಮಾತ್ರ ತಪ್ಪಿಸಬೇಡಿ.

ನನ್ನ ಕಥೆಯಲ್ಲಿ, ಸಾವಿರ ವರ್ಷದ ಹಿಂದೆ ಇದೇ ಯಾರ್ಕ್‌ಷೈರಿನ ಹಳ್ಳಿಯೊಂದರಲ್ಲಿ, ಹೊಸದಾಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದ ಹೆಂಗಸೊಬ್ಬಳು ಬಿಸಿನೀರು ಚೆಲ್ಲುವ ಮೊದಲು ನೆಲದ ದೇವತೆಗಳಿಗೆ "ಸರಿಯಿರಿ" ಎನ್ನುತ್ತಾಳೆ. ಹುಲ್ಲು ಬಾಗುತ್ತದೆ. ಕಣ್ಣಿಗೆ ಕಾಣದ ಯಾರೋ ಸರಿದದ್ದು ಅಲ್ಲೇ ಹಾದುಹೋಗುತ್ತಿದ್ದ ಪಾದ್ರಿಗೆ ತಿಳಿಯುತ್ತದೆ. ಅವನು ಏನೂ ಅನ್ನದೆ ತನ್ನ ದಾರಿ ಹಿಡಿಯುತ್ತಾನೆ.

ಕೊನೆಯ ಸಲ ಫೋನಿನಲ್ಲಿ ನೀವು ಅಂದಿರಿ: "ಪಾದ್ರಿ ಅಂದಮ್ಯಾಲ ಸುಮ್ಮನ ಹೆಂಗ ಹೋಗ್ತಾನವಾ? ಪಾದ್ರಿಯಾಗಿ ನಲವತ್ತು ವರ್ಷ ಸಭೆ ನಡಿಸೀನಿ ನಾನು. ಆಕಿನ್ನ ಹೊರಗ ಹಾಕ್ಸು, ಇಲ್ಲಾ ಅರ್ಪಣೆಯ ಪುಟದೊಳಗಿಂದ ನನ್ನ ಹೆಸರು ತಗಿ."

ಈ ವಯಸ್ಸಿನಲ್ಲಿ ನನ್ನನ್ನು ಓದಲು ಕಳಿಸಿದವರು ನೀವು. ಬೇರೆ ಯಾರ ಹೆಸರೂ ಆ ಪುಟಕ್ಕೆ ಹೊಂದುವುದಿಲ್ಲ. ತಿಂಗಳ ಕೊನೆಗೆ ಕಾದಂಬರಿಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು.

ಕೊನೆಯನ್ನು ತಿದ್ದಲು ಕೂತೆ. ಕಣ್ಣ ಮುಂದೆ ಬೆಟಗೇರಿಯ ನಮ್ಮ ಹಿತ್ತಲೇ ಬಂತು. ಒಂದು ದಿನವೂ ಪ್ರಾರ್ಥನೆ ತಪ್ಪಿಸದ ಅಜ್ಜಿ ಅನ್ನ ಬಸಿದ ಬಿಸಿ ಗಂಜಿ ತಂದು, "ಸರೀರಿ ಯವ್ವಾ, ಸುಡತೈತಿ" ಎಂದು ಬರಿ ನೆಲಕ್ಕೆ ಹೇಳಿ ಚೆಲ್ಲುತ್ತಿದ್ದಳು. ನೀವು ಪಕ್ಕದ ಕಲ್ಲುಬೆಂಚಿನ ಮೇಲೆ ಭಾನುವಾರದ ಪ್ರಸಂಗ ತಯಾರಿಸುತ್ತಿದ್ದಿರಿ. ಬೈಬಲಿನಿಂದ ಕಣ್ಣೆತ್ತದೆಯೇ, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದುಕೊಳ್ಳುತ್ತಿದ್ದಿರಿ.

ಆ ಜಾಗ ಯಾರಿಗೆಂದು ತಿಳಿಸಿ, ಅಪ್ಪಾಜಿ. ಆಮೇಲೆ ಪಾದ್ರಿಯನ್ನು ತಿದ್ದುತ್ತೇನೆ.

ನಿಮ್ಮ ಮಗಳು,
ಕೃಪಾ