ಕೊಕ್ಕಿಲ್ಲದ ಸಕ್ಕರೆ ಗಿಳಿ

ಚಿಂತಾಮಣಿ
17-1-1989

ಪ್ರೀತಿಯ ಗಂಗುಲಕ್ಕನಿಗೆ,

ನಿನ್ನ ತಂಗಿ ಆಂಜಿನಮ್ಮನ ನಮಸ್ಕಾರಗಳು. ನಗರಗೆರೆಯಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಚೆನ್ನಾಗಿ ಬೈದುಕೊಂಡಿರುತ್ತೀಯ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಹಬ್ಬ, ಕೈ ಬಿಡುವಾಗಲಿಲ್ಲ. ಈಗ ಬರೆಯುತ್ತಿರುವುದೂ ಕ್ಷೇಮಸಮಾಚಾರಕ್ಕಲ್ಲ. ಮೂರು ದಿನದಿಂದ ಮೈಯೆಲ್ಲ ಉರಿಯುತ್ತಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಸಂಕ್ರಾಂತಿಯನ್ನು ಅಮ್ಮ ಮಾಡುತ್ತಿದ್ದ ಹಾಗೆಯೇ ಮಾಡಿದೆ. ವಾರ ಮುಂಚೆಯೇ ಕೊಬ್ಬರಿ ಹೆಚ್ಚಿ ಬಿಸಿಲಿಗಿಟ್ಟೆ. ಹಬ್ಬದ ಬೆಳಗ್ಗೆ ಮಗಳು ಸುಜಾತಳನ್ನು ಅಂಗಳದಲ್ಲಿ ನಿಲ್ಲಿಸಿ, "ಇವತ್ತಿಂದ ಸೂರ್ಯಪ್ಪ ಉತ್ತರಕ್ಕೆ ತಿರುಗ್ತಾನೆ ಕಣಮ್ಮ" ಎನ್ನುತ್ತಾ ಮೊದಲ ಚಿಟಿಕೆ ಎಳ್ಳನ್ನು ಬಿಸಿಲಿಗೆ ತೋರಿಸಿ ಅವಳ ಬಾಯಿಗೆ ಹಾಕಿದೆ. ಅಮ್ಮನ ಮರದ ಅಚ್ಚಿನಲ್ಲೇ ಸಕ್ಕರೆ ಗಿಳಿಗಳನ್ನೂ ಎರೆದೆ. ಬಿಡಿಸುವಾಗ ಈಗಲೂ ಕೊಕ್ಕು ಅಚ್ಚಿನಲ್ಲೇ ಉಳಿದುಬಿಡುತ್ತದೆ. ನೀನು ಅದನ್ನು ಮೊಳೆಯಿಂದ ಕೆರೆದು ತಿನ್ನುತ್ತಿದ್ದೆಯಲ್ಲ, ಸುಜಾತಳೂ ಹಾಗೇ ತಿಂದಳು.

ಹೊಸ ಲಂಗ ಉಟ್ಟು, ಸ್ಟೀಲ್ ತಟ್ಟೆಯಲ್ಲಿ ಎಳ್ಳು, ಕಬ್ಬಿನ ತುಂಡು, ಗಿಳಿ ಇಟ್ಟುಕೊಂಡು ಎಳ್ಳು ಬೀರಲು ಹೊರಟಳು. ಪಕ್ಕದ ಮನೆ ವೆಂಕಟರತ್ನಮ್ಮ ನಗುನಗುತ್ತಾ ಈಸಿಕೊಂಡಳಂತೆ. ತಟ್ಟೆ ಅಲ್ಲೇ ಮರೆತು ಬಂದ ಮಗು ಅದನ್ನು ತರಲು ಮತ್ತೆ ಓಡಿದರೆ, ಆ ಮಹಾತಾಯಿ ನಮ್ಮ ಎಳ್ಳನ್ನು ಗಿಳಿ ಸಮೇತ ಹಸುವಿನ ಬೂಸಾ ಬುಟ್ಟಿಗೆ ಸುರಿಯುತ್ತಿದ್ದಳು! ಮಗು ಅಳುತ್ತಾ ಬಂತು. ನಾನು ಇನ್ನೊಂದು ಗಿಳಿ ಹಿಡಿದು, ಸೆರಗು ಸಿಕ್ಕಿಸಿಕೊಂಡು ಹೋದೆ.

"ಏನ್ ವೆಂಕಟರತ್ನಮ್ಮನೋರೇ ಇದು?"

"ಅಯ್ಯೋ ಟೀಚರಮ್ಮ, ಹಬ್ಬದ ದಿನ ಮೊದ್ಲು ಹಸುಗೆ ತಿನ್ನಿಸಿದ್ರೆ ಪುಣ್ಯ ಅಲ್ವಾ?"

"ಸರಿ, ಹಸು ತಿಂತು. ಈಗ ನೀವು ತಿನ್ನಿ" ಎಂದು ಗಿಳಿಯನ್ನು ಮುಂದೆ ಹಿಡಿದೆ.

"ನಂಗೆ ಸಕ್ಕರೆ ಕಾಯ್ಲೆ ಕಣ್ರೀ" ಎಂದಳು. ಎದುರುಮನೆಯವರು ಕೊಟ್ಟ ಸಕ್ಕರೆ ಅಚ್ಚು ಆಗಲೇ ಅವಳ ದವಡೆಯಲ್ಲಿ ಕಟಕಟ ಅನ್ನುತ್ತಿತ್ತು!

ನಾವು ಊರ ಹೊರಗಿನ ಕೇರಿಯಿಂದ ಬಂದವರೆಂದು ಅವಳಿಗೆ ಗೊತ್ತು. ಅವಳ ಮಗನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ ಎಂದೂ ಗೊತ್ತು. "ನನ್ ಕೈ ಅಕ್ಷರ ಮೈಲಿಗೆ ಆಗ್ಲಿಲ್ಲ, ಸಕ್ಕರೆ ಮೈಲಿಗೆ ಆಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿಯೇ ಬಂದೆ. "ಹೋಗ್ಲಿ ಬಿಡೇ, ಅಕ್ಕಪಕ್ಕದೋರು" ಎನ್ನುತ್ತಾರೆ ನಮ್ಮ ಯಜಮಾನರು. ಯಾಕೆ ಬಿಡಬೇಕು ಹೇಳು! ನಾನೇನು ಅವಳ ಮನೆ ಹಸು ಅಲ್ಲ, ಹಾಕಿದ್ದನ್ನು ಸುಮ್ಮನೆ ಮೇಯುವುದಕ್ಕೆ.

ಭಾವನವರಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿ ಓದಲಿ, ನೂರು ಸಂಕ್ರಾಂತಿ ನೋಡಲಿ. ನಿನ್ನ ಪಾಲಿನ ಗಿಳಿ ಡಬ್ಬಿಯಲ್ಲಿದೆ, ಇರುವೆ ಮುತ್ತುವ ಮೊದಲು ಬಾ.

ನಿನ್ನ ತಂಗಿ,
ಆಂಜಿನಮ್ಮ

ತಾ.ಕ.: ಅಕ್ಕ, ಒಂದು ಮಾತು ಮೇಲೆ ಬರೆಯಲಿಲ್ಲ. ಹೋದ ಸಂಕ್ರಾಂತಿಯಲ್ಲೇ ಆ ಬೂಸಾ ಬುಟ್ಟಿಯಲ್ಲಿ, ನಾನೇ ಕೊಟ್ಟಿದ್ದ ಕೊಕ್ಕಿಲ್ಲದ ಗಿಳಿಯನ್ನು ನೋಡಿದ್ದೆ. ಕಾಣದವಳಂತೆ ಬಂದುಬಿಟ್ಟೆ. ಮಗು ಕೊಟ್ಟರೆ ಬೇಡ ಅನ್ನಲಾರಳು ಎಂದುಕೊಂಡು, ಈ ಸಲ ಸುಜಾತಳ ಕೈಗೆ ತಟ್ಟೆ ಕೊಟ್ಟವಳು ನಾನೇ. ನಿನ್ನೆ ಜಡೆ ಹಾಕುವಾಗ ಕೇಳಿದಳು: "ಅಮ್ಮ, ಅವ್ರು ಹಂಗೆ ಮಾಡ್ತಾರೆ ಅಂತ ನಿಂಗೆ ಗೊತ್ತಿತ್ತಾ?" ಇಲ್ಲ ಕಣಮ್ಮ ಎಂದೆ. ಆ ಜಡೆಯನ್ನು ಎರಡು ಸಲ ಬಿಚ್ಚಿ ಹಾಕಬೇಕಾಯಿತು.