ಉಗುರಿನ ಬುಡದ ಗೆರೆ

ನಮ್ಮಿಬ್ಬರ ಕೋಣೆ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮುದ್ದಿನ ಗುಬ್ಬೀ,

ಹೇಗಿದ್ದೀಯೇ? ಹಾಸ್ಟೆಲ್ ಊಟ ಹೊಟ್ಟೆಗೆ ಒಗ್ಗಿತಾ? ಕೆಮ್ಮು ಹೋಯ್ತಾ? ಇಲ್ಲಿ ಅಪ್ಪ ಆರಾಮಾಗಿದ್ದಾರೆ. ನಿನ್ನ ಪಾರ್ಸೆಲ್ ಬಂತು. ನೇಲ್ ಪಾಲಿಶ್ ಬ್ರಷ್ಷಿಗೆ ತೊಡಿಸೋ ಆ ದಪ್ಪ ರಬ್ಬರ್ ಹಿಡಿಕೆಯನ್ನ ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ಇದೇನು, ಸೈಕಲ್ ಹ್ಯಾಂಡಲ್ಲಿನ ತುಂಡಾ?" ಅಂದರು. ನಾನು ನಕ್ಕು ನಕ್ಕು ಸುಸ್ತಾದೆ.

"ಇನ್ನು ನನಗೋಸ್ಕರ ಕಾಯಬೇಡ ಅಕ್ಕಾ, ಇದನ್ನ ಎಡಗೈಲಿ ಹಿಡಿದರೆ ಬಲಗೈಗೆ ನೀನೇ ಹಚ್ಚಿಕೋಬಹುದು, ನೋಡು, ನಾನೇ ಹಚ್ಚಿಕೊಂಡೆ" ಅಂತ ನಿನ್ನ ಬಲಗೈ ಫೋಟೋ ಬೇರೆ ಇಟ್ಟಿದ್ದೆ. ನೀನು ಹೋದಾಗಿನಿಂದ ನನ್ನ ಬಲಗೈ ಬೋಳಾಗೇ ಇತ್ತು ಕಣೇ. ಔಷಧಿ ಅಂಗಡೀಲಿ ಮಾತ್ರೆ ಕತ್ತರಿಸಿ ಕೊಡುವಾಗ ಗಿರಾಕಿಗಳು "ಒಂದು ಕೈಗೆ ಮಾತ್ರ ರಜಾನಾ?" ಅಂತ ಕಾಲೆಳೆಯೋರು. "ಆ ಕೈ ನನ್ನ ತಂಗೀದು" ಅಂತಿದ್ದೆ. ನಿನ್ನ ಬಲಗೈ ನನ್ನದು, ನನ್ನ ಬಲಗೈ ನಿನ್ನದು ಅಂತ ತಾನೇ ನಾವು ಬೆಳೆದದ್ದು?

ಸರಿ, ಹಚ್ಚಿ ನೋಡಿದೆ. ಮೊದಲ ಸಲ ಉಗುರಿಗಿಂತ ಚರ್ಮಕ್ಕೇ ಜಾಸ್ತಿ ಆಯ್ತು. ನೀನು ಕಳಿಸಿದ ಸ್ಪಂಜಿನ ಡಬ್ಬಿಯೊಳಗೆ ಬೆರಳು ತೂರಿಸಿ ತಿರುಗಿಸಿದೆ, ಬಣ್ಣ ಮಾಯ! ಹತ್ತಿ ಹಿಡಿದು ತಿಕ್ಕೋ ಗೋಳೇ ಇಲ್ಲ. ಎರಡನೇ ಸಲ ಪರವಾಗಿಲ್ಲ ಅನ್ನಿಸಿತು. ಹೋಲಿಸಿ ನೋಡೋಣ ಅಂತ ನಿನ್ನ ಫೋಟೋ ಪಕ್ಕಕ್ಕಿಟ್ಟೆ. ಆಗ ಕಣ್ಣಿಗೆ ಬಿತ್ತು.

ನಿನ್ನ ಐದೂ ಉಗುರಿನ ಬುಡದಲ್ಲಿ ಗೆರೆಯಷ್ಟು ಜಾಗ ಖಾಲಿ, ಬಿಲ್ಲಿನ ಹಾಗೆ ಬಾಗಿ. "ಉಗುರಿಗೂ ಉಸಿರಾಡೋಕೆ ಜಾಗ ಬೇಕು" ಅಂತ ಹಾಗೆ ಬಿಡ್ತಿದ್ದೋಳು ಒಬ್ಬಳೇ, ಅಮ್ಮ. ನಮ್ಮನ್ನ ಬಿಟ್ಟು ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದೋಳು. ಆಮೇಲೆ ನಾನು ಹಟಕ್ಕೆ ಬಿದ್ದು ಬುಡದ ತನಕ ತುಂಬಿಸಿ ಹಚ್ಚಿದೆ, ನಿನಗೂ ಹಾಗೇ ಕಲಿಸಿದೆ. ಎಡಗೈಲಿ ಲೋಟ ಹಿಡಿದರೂ ಚೆಲ್ಲೋ ನೀನು ಆ ಗೆರೆ ಬಿಟ್ಟೆಯಂತೆ! ಯಾರ ಕಿವಿಗೆ ಹೂ ಇಡ್ತೀಯೇ?

ಅವಳಿರೋ ಊರಲ್ಲೇ ನಿನಗೆ ಕೆಲಸ ಸಿಕ್ಕಾಗಲೇ ನನಗೆ ಅಳುಕಿತ್ತು. ಆದರೂ ನಂಬಿದೆ. ಅವಳ ಮುಖ ನೋಡಲ್ಲ ಅಂತ ಮೊದಲು ಆಣೆ ಮಾಡಿದೋಳು ನೀನು. ಅವಳು ಮನೆಗೆ ಬಂದಾಗ ಬಾಗಿಲು ಹಾಕಿದೋಳು ನಾನು, ನೀನು ನನ್ನ ಬೆನ್ನ ಹಿಂದೆ ನಿಂತಿದ್ದೆ. ಈಗ ಹೋಗಿ ಅವಳ ಮುಂದೆ ಕೈ ಚಾಚಿ ಕೂತಿದ್ದೀಯ. ಹೋಗಲಿ, ಹೋಗಿದ್ದೆ ಅಂತ ಒಂದು ಮಾತು ಹೇಳಬಾರದಿತ್ತಾ? ಬೈತಿದ್ದೆ, ಅಷ್ಟೇ ತಾನೇ? ಬೆನ್ನಿಗೆ ಚೂರಿ ಹಾಕಿ, ಮೇಲೆ ರಬ್ಬರ್ ಹಿಡಿಕೆ ಉಡುಗೊರೆ! ಹೊಟ್ಟೆ ಉರೀತಿದೆ ಗುಬ್ಬೀ. ನೀನೂ ಹೀಗೆ ಮಾಡ್ತೀಯ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಹೇಳಿಲ್ಲ, ಹೇಳೋದೂ ಇಲ್ಲ.

ಬಿಸಿಲಲ್ಲಿ ಅಲೀಬೇಡ, ಹೊತ್ತು ಹೊತ್ತಿಗೆ ತಿನ್ನು. ಅಪ್ಪನ ಆಶೀರ್ವಾದ ಇದೆ. ನನ್ನದು ಸದ್ಯಕ್ಕಿಲ್ಲ.

ನಿನ್ನ (ಹೌದು, ಇನ್ನೂ ನಿನ್ನ)
ಅಕ್ಕ

ಮರೆತಿದ್ದೆ: ಡಬ್ಬಿ ಇಟ್ಟುಕೊಂಡೆ, ಹಿಡಿಕೆ ವಾಪಸ್ ಕಳಿಸ್ತಿದ್ದೀನಿ. ಆಗ ನೀನಿನ್ನೂ ಚಿಕ್ಕೋಳು, ನಿನಗೆ ನೆನಪಿರಲ್ಲ, ಅವಳ ಬಲಗೈಗೆ ಹಚ್ಚುತ್ತಿದ್ದೋಳು ನಾನು. ಈಗ ಯಾರು ಹಚ್ತಾರೆ? ನೀನು ಅಂತಾದರೆ ನನಗೆ ಹೇಳಲೇಬೇಡ. ಯಾರೂ ಇಲ್ಲ ಅಂದರೆ ಈ ಹಿಡಿಕೆ ಅವಳಿಗೆ ಕೊಡು. ನಾನು ಕೊಟ್ಟೆ ಅನ್ನಬೇಡ.